ಕೆಟ್ಟವನು, ಕೆಟ್ಟದ್ದು: ಹಂಪೆಯ ಸೀಮೆಯಲ್ಲಿ ಒಂದು ವಿಶೇಷಣದ ವಿಚಾರ

ಒಬ್ಬ ಮನುಷ್ಯನನ್ನು ದುಷ್ಟನೆಂದು ಕರೆಯುವುದು ಮತ್ತು ಅವನು ಮಾಡಿದ ಕೆಲಸವನ್ನು ದುಷ್ಟವೆಂದು ಕರೆಯುವುದು ಮೇಲುನೋಟಕ್ಕೆ ಒಂದೇ ಮಾತಿನ ಎರಡು ರೂಪಗಳಂತೆ ಕಂಡರೂ, ಇವೆರಡರ ನಡುವೆ ಧರ್ಮಶಾಸ್ತ್ರ, ದರ್ಶನ ಮತ್ತು ನ್ಯಾಯವಿಚಾರಗಳು ಶತಮಾನಗಳಿಂದ ದಾಟಲು ಹೆಣಗಿರುವ ಒಂದು ಕಂದಕವಿದೆ. ಕೃತ್ಯಕ್ಕೆ ಆದಿಯೂ ಅಂತ್ಯವೂ ಉಂಟು. ಅದನ್ನು ಅಳೆಯಬಹುದು, ದಂಡಿಸಬಹುದು, ಪ್ರಾಯಶ್ಚಿತ್ತದಿಂದ ತೊಳೆಯಬಹುದು. ಆದರೆ ವಿಶೇಷಣವು ಕೃತ್ಯವನ್ನು ಬಿಟ್ಟು ಕರ್ತೃವಿಗೆ ಅಂಟಿಕೊಂಡಾಗ ಅದು ಅವನ ನಿನ್ನೆಯನ್ನೂ ನಾಳೆಯನ್ನೂ ಒಟ್ಟಿಗೆ ತೀರ್ಮಾನಿಸಿಬಿಡುತ್ತದೆ. ಹೊಸಪೇಟೆ, ಹಂಪೆ, ಸಂಡೂರು ಮತ್ತು ಕಂಪ್ಲಿಗಳ ಸೀಮೆಯಲ್ಲಿ ಈ ಪ್ರಶ್ನೆಯನ್ನು ಕಾವ್ಯ, ಮತಸಿದ್ಧಾಂತ, ಜನಪದ ಕಥನ ಮತ್ತು ಕಾನೂನುಗಳೆಲ್ಲವೂ ಬೇರೆ ಬೇರೆ ಕಾಲಗಳಲ್ಲಿ ಎದುರಿಸಿರುವುದರಿಂದ, ಆ ಸೀಮೆಯನ್ನೇ ಆಧಾರವಾಗಿಟ್ಟುಕೊಂಡು ಇದನ್ನು ಪರಿಶೀಲಿಸುವುದು ಯುಕ್ತವಾಗಿದೆ.

ಈ ಪ್ರಶ್ನೆ ಭಾಷೆಯ ಪ್ರಶ್ನೆಯಾಗಿಯೂ ಇಲ್ಲಿಗೆ ಬಂದದ್ದುಂಟು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದನು. ಅವನ ಜೊತೆಗಾರನಾದ ವಿಲಿಯಂ ರೀವ್ ಇಂಗ್ಲಿಷ್-ಕನ್ನಡ ನಿಘಂಟನ್ನೂ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಸಿದ್ಧಪಡಿಸಿದನು. ಇಂಗ್ಲಿಷಿನ ‘ವಿಕೆಡ್’ ಎಂಬ ವಿಶೇಷಣವು ಇವರ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವಂಥದು, ಏಕೆಂದರೆ ಇಂಗ್ಲಿಷ್ ಬೈಬಲಿನ ಕೀರ್ತನೆಗಳಲ್ಲಿ ಅದು ಗುಣವಾಚಕವಾಗಿ ಮಾತ್ರ ನಿಲ್ಲದೆ ನಾಮಪದವಾಗಿ, ಅಂದರೆ ನೀತಿವಂತರಿಗೆ ಎದುರಾಗಿ ನಿಲ್ಲುವ ಒಂದು ಜನವರ್ಗದ ಹೆಸರಾಗಿ ಬಳಕೆಯಾಗಿದೆ. ಅದರ ಹಿಂದಿರುವ ಹೀಬ್ರೂ ಪದವಾದ ‘ರಾಶಾ’ ಎಂಬುದಕ್ಕಾದರೋ ನ್ಯಾಯಸ್ಥಾನದ ಅರ್ಥವೂ ಇದೆ. ಇಬ್ಬರು ವ್ಯಾಜ್ಯವಾಡಿದಾಗ ಯಾರ ಮೇಲೆ ತಪ್ಪು ಸಾಬೀತಾಗುತ್ತದೆಯೋ ಅವನು ರಾಶಾ. ಸ್ವಭಾವವನ್ನು ಕುರಿತ ನಿರ್ಣಯಕ್ಕಿಂತ ಒಂದು ವ್ಯವಹಾರವನ್ನು ಕುರಿತ ತೀರ್ಪೇ ಆ ಅರ್ಥದಲ್ಲಿ ಮುಂದಾಗಿದೆ. ಕನ್ನಡ ಬೈಬಲಿನಲ್ಲಿ ಈ ಸ್ಥಾನಕ್ಕೆ ಬಂದು ನಿಂತದ್ದು ‘ದುಷ್ಟ’ ಎಂಬ ಸಂಸ್ಕೃತ ಪದ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿಯಾದರೋ ಪ್ರಚಲಿತ ಕನ್ನಡ ಪಾಠವು ‘ಕೇಡು’ ಎಂಬ ಪದವನ್ನು ಬಳಸುತ್ತದೆ. ಮೂಲ ಗ್ರೀಕಿನಲ್ಲಿ ಆ ಸ್ಥಾನದ ಪದವನ್ನು ಕೇಡು ಎಂದೂ ಓದಬಹುದು, ಕೇಡಿಗ ಎಂದೂ ಓದಬಹುದು. ಅವೆರಡರಲ್ಲಿ ಕನ್ನಡವು ವ್ಯಕ್ತಿಯನ್ನು ಬಿಟ್ಟು ವಸ್ತುಸ್ಥಿತಿಯನ್ನು ಆರಿಸಿಕೊಂಡಿದೆ.

‘ದುಷ್ಟ’ ಮತ್ತು ‘ಕೆಟ್ಟ’ ಎಂಬ ಎರಡು ಪದಗಳ ರಚನೆಯನ್ನು ಗಮನಿಸಿದರೆ ಒಂದು ಸಂಗತಿ ತಿಳಿಯುತ್ತದೆ. ಸುಡು ಎಂಬುದರಿಂದ ಸುಟ್ಟ, ಇಡು ಎಂಬುದರಿಂದ ಇಟ್ಟ ಎಂದಾಗುವಂತೆ ಕೆಡು ಎಂಬ ಧಾತುವಿನಿಂದ ಕೆಟ್ಟ ಎಂಬ ರೂಪ ಬಂದಿದೆ. ಇದು ಭೂತಕಾಲದ ಕೃದಂತ, ಎಂದರೆ ನಡೆದುಹೋದ ಕ್ರಿಯೆಯೊಂದನ್ನು ವಿಶೇಷಣವಾಗಿ ಮಾರ್ಪಡಿಸಿದ ರೂಪ. ಸಂಸ್ಕೃತದ ದುಷ್ಟ ಎಂಬುದೂ ದುಷ್ ಧಾತುವಿನ ಮೇಲೆ ಭೂತಾರ್ಥದ ಪ್ರತ್ಯಯ ಸೇರಿ ಆದದ್ದು. ಆದ್ದರಿಂದ ವ್ಯಾಕರಣದ ಮಟ್ಟಿಗೆ ಕೆಟ್ಟವನೆಂದರೆ ಕೆಟ್ಟುಹೋದವನು. ಕೆಡದೆ ಇದ್ದ ಕಾಲವೊಂದು ಅವನಿಗಿತ್ತೆಂಬ ಸೂಚನೆ ಆ ಪದದಲ್ಲಿಯೇ ಅಡಗಿದೆ. ಹಾಲು ಕೆಟ್ಟಿತು, ಹೊಟ್ಟೆ ಕೆಟ್ಟಿತು, ಕಾಲ ಕೆಟ್ಟಿತು ಎನ್ನುವಾಗ ಕನ್ನಡಿಗರು ಬಳಸುವ ಕ್ರಿಯಾಪದವೇ ಮನುಷ್ಯನಿಗೂ ಸಲ್ಲುತ್ತದೆ. ಅಷ್ಟೇ ಅಲ್ಲದೆ, ಕೆಟ್ಟು ಪಟ್ಟಣ ಸೇರು ಎಂಬ ಗಾದೆಯಲ್ಲಿ ಕೆಡುವುದೆಂದರೆ ನೀತಿಗೆಡುವುದಲ್ಲ, ಬದುಕು ಹಾಳಾಗುವುದು. ಹಾಳುಮಾಡುವವನಿಗೂ ಹಾಳಾದವನಿಗೂ ಒಂದೇ ಧಾತುವನ್ನು ಹಂಚಿರುವ ಈ ಭಾಷೆಯಲ್ಲಿ ದುಷ್ಟತನದ ವಿಚಾರವು ಕರುಣೆಯ ವಿಚಾರದಿಂದ ಪೂರ್ತಿ ಬೇರೆಯಾಗುವುದು ಕಷ್ಟ. ಪದದ ವ್ಯುತ್ಪತ್ತಿಯಿಂದ ತತ್ತ್ವವೊಂದು ಸಿದ್ಧವಾಗುವುದಿಲ್ಲವೆಂಬುದು ನಿಜ. ಜನರು ಪದವನ್ನು ಬಳಸುವಾಗ ಅದರ ಮೂಲವನ್ನು ನೆನೆದು ಬಳಸುವುದಿಲ್ಲ. ಹಾಗಿದ್ದರೂ ಈ ಸೀಮೆಯ ಕಥನಗಳು ಆ ಪದದೊಳಗಿನ ಭೂತಕಾಲವನ್ನು ಎಷ್ಟರ ಮಟ್ಟಿಗೆ ನೆನಪಿನಲ್ಲಿಟ್ಟುಕೊಂಡಿವೆ, ಎಲ್ಲಿ ಮರೆತಿವೆ ಎಂಬುದನ್ನು ನೋಡಬೇಕಾಗಿದೆ.

ಈ ದೃಷ್ಟಿಯಿಂದ ಮೊದಲು ಪರಿಶೀಲಿಸಬೇಕಾದದ್ದು ವಾಲಿಯ ಪ್ರಸಂಗ. ಹಂಪೆ ಮತ್ತು ಆನೆಗುಂದಿಗಳ ನಡುವಿನ ಬಂಡೆಗಳ ನಾಡನ್ನು ಸಂಪ್ರದಾಯವು ರಾಮಾಯಣದ ಕಿಷ್ಕಿಂಧೆಯೆಂದು ಗುರುತಿಸುತ್ತದೆ. ಮತಂಗ ಪರ್ವತ, ಋಷ್ಯಮೂಕ, ಮಾಲ್ಯವಂತ ಎಂಬ ಹೆಸರುಗಳು ಇಲ್ಲಿನ ಬೆಟ್ಟಗಳಿಗೆ ಇಂದಿಗೂ ನಿಂತಿವೆ, ಸುಗ್ರೀವನ ಗುಹೆಯನ್ನು ನದಿಯ ದಂಡೆಯಲ್ಲಿ ತೋರಿಸಲಾಗುತ್ತದೆ, ಮತ್ತು ನಿಂಬಾಪುರದ ಬಳಿಯಿರುವ ಬೂದಿಯ ದಿಬ್ಬವೊಂದು ವಾಲಿಯ ದಹನವಾದ ಸ್ಥಳವೆಂಬ ನಂಬಿಕೆಯಿದೆ. ಬಳ್ಳಾರಿಯ ಸುತ್ತಲಿನ ಕುಡತಿನಿಯೇ ಮೊದಲಾದ ಕಡೆಗಳಲ್ಲಿ ಇಂಥ ಬೂದಿದಿಬ್ಬಗಳು ಇದ್ದು, ಅವು ನವಶಿಲಾಯುಗದ ಪಶುಪಾಲಕರು ಸಗಣಿಯನ್ನು ರಾಶಿಹಾಕಿ ಸುಟ್ಟದ್ದರಿಂದ ಆದವೆಂದು ಪುರಾತತ್ತ್ವಜ್ಞರು ವಿವರಿಸುತ್ತಾರೆ. ಜನರ ನಂಬಿಕೆಯು ಆ ಬೂದಿಗೆ ವಾಲಿಯ ಹೆಸರನ್ನು ಕೊಟ್ಟದ್ದು ಗಮನಾರ್ಹ, ಏಕೆಂದರೆ ದುಷ್ಟನೆಂದು ಕೊಲ್ಲಲ್ಪಟ್ಟವನೊಬ್ಬನಿಗೆ ಸಂಸ್ಕಾರವಾದ ಸ್ಥಳವನ್ನು ಊರೊಂದು ಇಷ್ಟು ಕಾಲ ಗುರುತಿಟ್ಟುಕೊಂಡಿದೆ.

ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಬಾಣದಿಂದ ಬಿದ್ದ ವಾಲಿಯು ರಾಮನನ್ನು ನೇರವಾಗಿ ಪ್ರಶ್ನಿಸುತ್ತಾನೆ: ತಾನು ರಾಮನಿಗಾಗಲಿ ಅವನ ನಾಡಿಗಾಗಲಿ ಯಾವ ಅಪರಾಧವನ್ನೂ ಮಾಡಿಲ್ಲದಿರುವಾಗ, ಮತ್ತೊಬ್ಬನೊಡನೆ ಹೋರಾಡುತ್ತಿದ್ದ ತನ್ನನ್ನು ಮರೆಯಿಂದ ಹೊಡೆದದ್ದು ಯಾವ ಧರ್ಮ ಎಂಬುದು ಆ ಪ್ರಶ್ನೆಯ ತಿರುಳು. ರಾಮನು ಕೊಡುವ ಉತ್ತರದಲ್ಲಿ ಹಲವು ವಾದಗಳು ಒಟ್ಟುಗೂಡಿವೆ, ಅವುಗಳಲ್ಲಿ ಕೆಲವು ದುರ್ಬಲವಾದವು. ವಾಲಿ ಮೃಗವಾದ್ದರಿಂದ ಬೇಟೆಯ ನಿಯಮ ಅವನಿಗೆ ಸಲ್ಲುತ್ತದೆಂಬ ವಾದವು, ಅದೇ ಉಸಿರಿನಲ್ಲಿ ಅವನನ್ನು ಧರ್ಮಕ್ಕೆ ಹೊಣೆಗಾರನನ್ನಾಗಿ ಮಾಡುವ ವಾದದೊಂದಿಗೆ ಹೊಂದುವುದಿಲ್ಲ. ಉತ್ತರದ ಮುಖ್ಯ ಭಾಗವಾದರೋ ಸ್ಪಷ್ಟವಾಗಿದೆ. ಜೀವಂತನಾಗಿದ್ದ ತಮ್ಮನ ಪತ್ನಿಯಾದ ರುಮೆಯನ್ನು ವಾಲಿಯು ಇಟ್ಟುಕೊಂಡನೆಂಬ ಒಂದು ನಿರ್ದಿಷ್ಟ ಕೃತ್ಯವನ್ನು ರಾಮನು ಮುಂದಿಡುತ್ತಾನೆ, ಮತ್ತು ಪಾಪ ಮಾಡಿದವರು ರಾಜದಂಡವನ್ನು ಹೊಂದಿದ ಮೇಲೆ ನಿರ್ಮಲರಾಗುತ್ತಾರೆಂಬ ಮನುವಿನ ಮಾತನ್ನು ಸಾಕ್ಷಿಗೆ ತರುತ್ತಾನೆ. ದಂಡದಿಂದ ತೊಳೆದುಹೋಗುವಂಥದು ಕೃತ್ಯದ ಕಲೆಯೇ ಹೊರತು ಸ್ವಭಾವವಾಗಿರಲಾರದು. ರಾಮನ ವಾದವನ್ನು ಒಪ್ಪುವವರೂ ಒಪ್ಪದವರೂ ಈ ಅಂಶವನ್ನು ಗುರುತಿಸಬೇಕು: ವಾಲಿಯನ್ನು ಕೊಂದವನ ಬಾಯಿಂದಲೇ ವಾಲಿಯ ಶುದ್ಧಿಯೂ ಘೋಷಿತವಾಗುತ್ತದೆ, ಮತ್ತು ಅವನ ಮಗನಾದ ಅಂಗದನು ರಾಮನ ರಕ್ಷಣೆಗೆ ಒಪ್ಪಿಸಲ್ಪಡುತ್ತಾನೆ.

ಆದರೆ ವಾಲಿಯು ಕೆಟ್ಟದ್ದು ಎಲ್ಲಿ ಎಂಬ ಪ್ರಶ್ನೆ ರುಮೆಯ ಅಪಹಾರಕ್ಕಿಂತ ಹಿಂದಕ್ಕೆ ಹೋಗುತ್ತದೆ. ಮಾಯಾವಿ ಎಂಬ ಅಸುರನನ್ನು ಅಟ್ಟಿಕೊಂಡು ಬಿಲವನ್ನು ಹೊಕ್ಕ ವಾಲಿಯು ಬಹುಕಾಲ ಹೊರಬರಲಿಲ್ಲ. ಬಾಗಿಲಲ್ಲಿ ಕಾದಿದ್ದ ಸುಗ್ರೀವನು ಹರಿದುಬಂದ ರಕ್ತವನ್ನು ಕಂಡು ಅಣ್ಣನು ಸತ್ತನೆಂದು ಭಾವಿಸಿ, ಶತ್ರುವು ಹೊರಬರದಂತೆ ಬಂಡೆಯನ್ನಿಟ್ಟು ಊರಿಗೆ ಮರಳಿದನು. ಬದುಕಿ ಹಿಂದಿರುಗಿದ ವಾಲಿಯು ತಮ್ಮನ ಭಯವನ್ನು ದ್ರೋಹವೆಂದು ಓದಿದನು. ವಿವರಣೆ ಕೊಡಲು ಮುಂದಾದ ಸುಗ್ರೀವನ ಮಾತು ಅವನ ಕಿವಿಗೆ ಬೀಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವನು ತಮ್ಮನ ಕೃತ್ಯವನ್ನು ಪರಿಶೀಲಿಸುವುದನ್ನು ಬಿಟ್ಟು ತಮ್ಮನನ್ನೇ ಪಾಪಿಯೆಂದು ನಿಶ್ಚಯಿಸಿಬಿಟ್ಟಿದ್ದನು. ರುಮೆಯ ಅಪಹಾರ, ತಮ್ಮನ ದೇಶಾಂತರ, ಕಡೆಗೆ ಮರೆಯಿಂದ ಬಂದ ಬಾಣ ಇವೆಲ್ಲವೂ ಆ ನಿಶ್ಚಯದ ಸಂತತಿ. ಪರರನ್ನು ಸ್ವಭಾವತಃ ದುಷ್ಟರೆಂದು ನಂಬಿದವನಿಗೆ ಅವರ ವಿಷಯದಲ್ಲಿ ತಾನು ಮಾಡುವ ಯಾವ ಕೃತ್ಯವೂ ದುಷ್ಟವಾಗಿ ತೋರುವುದಿಲ್ಲವೆಂಬುದಕ್ಕೆ ಕಿಷ್ಕಿಂಧೆಯ ಈ ಕಥೆಗಿಂತ ಸ್ಪಷ್ಟವಾದ ನಿದರ್ಶನವನ್ನು ಹುಡುಕುವುದು ಕಷ್ಟ. ಜೈನ ರಾಮಾಯಣ ಪರಂಪರೆಯು ಈ ಅಣ್ಣತಮ್ಮಂದಿರನ್ನು ಬೇರೆಯಾಗಿಯೇ ಚಿತ್ರಿಸಿ, ವಾಲಿಯನ್ನು ವೈರಾಗ್ಯ ಹೊಂದಿದ ಮುನಿಯನ್ನಾಗಿ ಮಾಡಿದೆ. ಅದೇ ಪರಂಪರೆಗೆ ಸೇರಿದ ನಾಗಚಂದ್ರನ ರಾಮಚಂದ್ರಚರಿತ ಪುರಾಣದಲ್ಲಿ ರಾವಣನು ಕೂಡ ಗುಣವಂತನಾಗಿದ್ದು ಒಂದು ದೌರ್ಬಲ್ಯದಿಂದ ಕೆಡುವ ಮಹಾಪುರುಷನಾಗಿದ್ದಾನೆ. ಕೆಟ್ಟ ಎಂಬ ಕೃದಂತದ ಅರ್ಥವನ್ನು ಕನ್ನಡ ಕಾವ್ಯವು ಇಷ್ಟು ಗಂಭೀರವಾಗಿ ಅನುಭವಕ್ಕೆ ತಂದುಕೊಂಡ ಸಂದರ್ಭಗಳು ವಿರಳ.

ಈ ವಿಚಾರಧಾರೆಗೆ ಎದುರಾಗಿ ನಿಲ್ಲುವ, ಮತ್ತು ಸುಲಭವಾಗಿ ತಳ್ಳಿಹಾಕಲಾಗದ ಸಿದ್ಧಾಂತವೂ ಇದೇ ನೆಲದಲ್ಲಿ ತನ್ನ ಅತ್ಯಂತ ಸಮರ್ಥ ಪ್ರತಿಪಾದಕನನ್ನು ಪಡೆಯಿತು. ಮಧ್ವಾಚಾರ್ಯರ ದ್ವೈತದರ್ಶನದ ಪ್ರಕಾರ ಜೀವರು ಮೂರು ಬಗೆ: ಮೋಕ್ಷಕ್ಕೆ ಅರ್ಹರಾದ ಮುಕ್ತಿಯೋಗ್ಯರು, ಸುಖದುಃಖಗಳ ನಡುವೆಯೇ ಸದಾ ಸುತ್ತುವ ನಿತ್ಯಸಂಸಾರಿಗಳು, ಮತ್ತು ಅಂಧಂತಮಸ್ಸೆಂಬ ಕೊನೆಯಿಲ್ಲದ ದುಃಖಕ್ಕೆ ಸಲ್ಲುವ ತಮೋಯೋಗ್ಯರು. ಈ ಯೋಗ್ಯತೆಯು ಅನಾದಿಯಾದದ್ದು, ಎಂದರೆ ಯಾವ ಕಾಲದಲ್ಲಿಯೂ ಯಾರಿಂದಲೂ ಉಂಟುಮಾಡಲ್ಪಡದೆ ಜೀವದ ಸ್ವರೂಪವೇ ಆಗಿರುವಂಥದು. ಬೀಜದೊಳಗಿರುವುದನ್ನು ಮಳೆಯು ಹೊರತರುವಂತೆ ಈಶ್ವರನು ಅದನ್ನು ಅಭಿವ್ಯಕ್ತಗೊಳಿಸುತ್ತಾನೆಯೇ ಹೊರತು ಬದಲಿಸುವುದಿಲ್ಲ. ವಿಜಯನಗರದಲ್ಲಿ ಗೌರವದಿಂದ ನೆಲೆಸಿದ್ದ ವ್ಯಾಸತೀರ್ಥರು (1460-1539) ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವ ಎಂಬ ಗ್ರಂಥಗಳಿಂದ ಈ ದರ್ಶನದ ಭೇದವಾದವನ್ನು ಎಷ್ಟು ಬಲವಾಗಿ ಕಟ್ಟಿದರೆಂದರೆ, ಅದ್ವೈತದ ಪರವಾಗಿ ಉತ್ತರಿಸಲು ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನೇ ಬರೆಯಬೇಕಾಯಿತು. ಹಂಪೆಯ ಯಂತ್ರೋದ್ಧಾರಕ ಹನುಮಂತನ ಪ್ರತಿಷ್ಠೆ ಅವರದೆಂದು ಪ್ರತೀತಿ. ಅವರ ಬೃಂದಾವನವು ಆನೆಗುಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿದೆ.

ತಮೋಯೋಗ್ಯತೆಯ ಸಿದ್ಧಾಂತವು ಇಂದಿನ ಓದುಗನಿಗೆ ಕಠೋರವಾಗಿ ತೋರುವುದು ಸಹಜ, ಆದರೆ ಅದು ಕಠೋರತೆಯಿಂದ ಹುಟ್ಟಿದ ಸಿದ್ಧಾಂತವಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವು ಎತ್ತುವ ವೈಷಮ್ಯ ಮತ್ತು ನೈರ್ಘೃಣ್ಯದ ಪ್ರಶ್ನೆ, ಅಂದರೆ ದೇವರು ಪಕ್ಷಪಾತಿಯೇ, ನಿರ್ದಯನೇ ಎಂಬ ಪ್ರಶ್ನೆ, ಅದರ ಹಿನ್ನೆಲೆಯಲ್ಲಿದೆ. ಜೀವರ ಸುಖದುಃಖಗಳಿಗೆ ಅವರವರ ಕರ್ಮವೇ ಕಾರಣವೆಂದು ಉತ್ತರಿಸಿದರೆ, ಸಮಾನರಾದ ಜೀವರು ಭಿನ್ನವಾದ ಕರ್ಮಗಳನ್ನು ಏಕೆ ಮಾಡಿದರೆಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೂ ಹಿಂದಿನ ಕರ್ಮವೇ ಕಾರಣವೆಂದರೆ ಉತ್ತರವು ಹಿಂದೆ ಹಿಂದೆ ಸರಿಯುತ್ತದೆಯೇ ವಿನಾ ಮುಗಿಯುವುದಿಲ್ಲ. ಜೀವಸ್ವಭಾವವೇ ಭಿನ್ನವೆಂದು ಒಪ್ಪಿದಾಗ ಮಾತ್ರ ದೇವರು ನಿರ್ದೋಷಿಯಾಗಿ ಉಳಿಯುತ್ತಾನೆಂಬುದು ದ್ವೈತಿಗಳ ನಿಲುವು. ದೇವರನ್ನು ದೋಷದಿಂದ ಪಾರುಮಾಡಲು ಜೀವದ ಮೇಲೆ ಹೊರಿಸಿದ ಈ ಭಾರ ತೀರ ದೊಡ್ಡದೆಂದು ಆಕ್ಷೇಪಿಸುವವರು, ಆ ಭಾರವನ್ನು ಇನ್ನೆಲ್ಲಿ ಇಳಿಸಬೇಕೆಂಬುದನ್ನೂ ಹೇಳಬೇಕಾಗುತ್ತದೆ. ಹಂಪೆಯ ವಿರೂಪಾಕ್ಷ ದೇವಾಲಯದ ಪಕ್ಕದಲ್ಲಿಯೇ ಪೀಠವಿರುವ ವಿದ್ಯಾರಣ್ಯರ ಅದ್ವೈತವು ರಾಗದ್ವೇಷಗಳು ಅಂತಃಕರಣಕ್ಕೆ ಸೇರಿದವು, ಆತ್ಮವು ಅವುಗಳಿಂದ ಅಸ್ಪೃಷ್ಟ ಎಂದು ಹೇಳಿ ಯಾವ ಆತ್ಮವನ್ನೂ ದುಷ್ಟವೆನ್ನದೆ ಉಳಿಯುತ್ತದೆ. ಆದರೆ ನೊಂದವನ ಎದುರಿನಲ್ಲಿ ಆ ಉತ್ತರವು ಎಷ್ಟು ದೂರ ಬರುತ್ತದೆಂಬುದೂ ಕೇಳಲೇಬೇಕಾದ ಪ್ರಶ್ನೆ.

ದ್ವೈತಸಿದ್ಧಾಂತದ ಒಳಗೆಯೇ ಇರುವ ಒಂದು ನಿಯಮವು ಪ್ರಸ್ತುತ ವಿಚಾರಕ್ಕೆ ನಿರ್ಣಾಯಕವಾದದ್ದು. ಯಾವ ಜೀವವು ಯಾವ ಯೋಗ್ಯತೆಯದೆಂಬುದು ಈಶ್ವರನಿಗೆ, ಮತ್ತು ಅವನ ಅನುಗ್ರಹದಿಂದ ಅಪರೋಕ್ಷಜ್ಞಾನಿಗಳಾದವರಿಗೆ ತಿಳಿದೀತೇ ಹೊರತು ಸಾಮಾನ್ಯ ಮನುಷ್ಯನ ಕಣ್ಣಿಗೆ ಗೋಚರಿಸುವಂಥದಲ್ಲ. ಹುಟ್ಟು, ಕುಲ, ಕಸುಬುಗಳು ಅದರ ಗುರುತುಗಳಲ್ಲ. ಅಸುರಕುಲದಲ್ಲಿ ಜನಿಸಿದ ಪ್ರಹ್ಲಾದನೇ ಅದಕ್ಕೆ ಸಾಕ್ಷಿ, ಮತ್ತು ಸಂಪ್ರದಾಯವು ವ್ಯಾಸತೀರ್ಥರನ್ನು ಆ ಪ್ರಹ್ಲಾದನ ಅವತಾರವೆಂದೇ ನಂಬುತ್ತದೆ. ಕುರುಬ ಕುಲದಿಂದ ಬಂದ ಕನಕದಾಸರನ್ನು ಇತರರ ಅಸಮಾಧಾನವಿದ್ದಾಗಲೂ ಅವರು ಶಿಷ್ಯರನ್ನಾಗಿ ಉಳಿಸಿಕೊಂಡರೆಂಬ ಕಥೆಗಳು ಈ ನಿಯಮದ ಆಚರಣೆಯನ್ನು ಹೇಳುತ್ತವೆ. ಹಾಗಾದ ಮೇಲೆ ತಮೋಯೋಗ್ಯ ಎಂಬ ವಿಶೇಷಣವು ಶಾಸ್ತ್ರದಲ್ಲಿದ್ದರೂ ಅದನ್ನು ನೆರೆಯವನ ಮೇಲೆ ಪ್ರಯೋಗಿಸುವ ಅಧಿಕಾರ ಯಾರಿಗೂ ಉಳಿಯುವುದಿಲ್ಲ.

ಕೃಷ್ಣದೇವರಾಯನು 1528ರಲ್ಲಿ ಏಕಶಿಲೆಯಲ್ಲಿ ಕಡೆಸಿದ, ಸುಮಾರು 6.7 ಮೀಟರ್ ಎತ್ತರದ ನರಸಿಂಹ ವಿಗ್ರಹವನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಉಗ್ರನರಸಿಂಹನೆಂದು ಪ್ರಸಿದ್ಧವಾದರೂ ಅದು ಮೂಲತಃ ಲಕ್ಷ್ಮೀನರಸಿಂಹ. ತೊಡೆಯ ಮೇಲಿದ್ದ ಲಕ್ಷ್ಮಿಯ ವಿಗ್ರಹವು ಭಗ್ನವಾಗಿ ಅವಳ ಕೈಯಷ್ಟೇ ಉಳಿದಿದೆ. ಹಿರಣ್ಯಕಶಿಪುವು ಈ ಶಿಲ್ಪದಲ್ಲಿ ಇಲ್ಲವೇ ಇಲ್ಲ. ಭಾಗವತದ ಪ್ರಕಾರ ಅವನು ವೈಕುಂಠದ ದ್ವಾರಪಾಲಕನಾಗಿದ್ದು ಸನಕಾದಿಗಳ ಶಾಪದಿಂದ ಅಸುರನಾಗಿ ಜನಿಸಿದವನು. ವಿಷ್ಣುವಿನ ಪಾರ್ಷದನು ವಿಷ್ಣುವನ್ನೇ ದ್ವೇಷಿಸಿದ್ದು ಹೇಗೆಂಬ ಪ್ರಶ್ನೆಗೆ ಮಾಧ್ವ ವ್ಯಾಖ್ಯಾನಕಾರರು ಆ ಒಂದೇ ದೇಹದಲ್ಲಿ ಎರಡು ಜೀವಗಳಿದ್ದವೆಂದು ಉತ್ತರಿಸುತ್ತಾರೆ: ಶಾಪಗ್ರಸ್ತನಾದ ಭಕ್ತನು ಒಬ್ಬ, ಅಸುರನು ಇನ್ನೊಬ್ಬ. ತಾರ್ಕಿಕ ಅನಿವಾರ್ಯತೆಯಿಂದ ಬಂದ ಈ ವಿವರಣೆಯಲ್ಲಿ, ಹಿರಣ್ಯಕಶಿಪುವಿಗೆ ಕೂಡ ಒಂದೇ ವಿಶೇಷಣವು ಸಾಲದೆಂಬ ಒಪ್ಪಿಗೆ ಇದೆ. ಪ್ರೌಢದೇವರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಇನ್ನೂ ಮುಂದೆ ಹೋಗಿದ್ದಾನೆ. ಅಲ್ಲಿ ಅಲ್ಲಮನನ್ನು ಮೋಹಕ್ಕೆ ಸಿಲುಕಿಸಲು ಬರುವ ಮಾಯೆಯು ಪಾರ್ವತಿಯ ತಾಮಸಕಳೆಯಾದರೆ, ಅಕ್ಕಮಹಾದೇವಿಯು ಅದೇ ಪಾರ್ವತಿಯ ಸಾತ್ತ್ವಿಕಕಳೆ. ಕೆಡಿಸುವುದೂ ಬಿಡಿಸುವುದೂ ಒಂದೇ ಮೂಲದಿಂದ ಹೊರಟವೆಂಬ ಈ ಕಲ್ಪನೆಯಲ್ಲಿ ದುಷ್ಟತನಕ್ಕೆ ಪ್ರತ್ಯೇಕವಾದ ವಂಶವೇ ಇಲ್ಲ.

ಕಂಪ್ಲಿಯ ಕಥೆಯಲ್ಲಿ ಈ ವಿವೇಕವು ಜಾರಿದೆ. ಕಂಪಿಲರಾಯನ ಮಗನಾದ ಕುಮಾರರಾಮನ ಚರಿತ್ರೆಯನ್ನು ನಂಜುಂಡ ಮೊದಲಾದ ಕವಿಗಳು ಸಾಂಗತ್ಯದಲ್ಲಿ ಹಾಡಿದ್ದಾರೆ. ಚೆಂಡಾಟದಲ್ಲಿ ಅರಮನೆಯೊಳಗೆ ಬಿದ್ದ ಚೆಂಡನ್ನು ತರಲು ಹೋದ ರಾಮನನ್ನು ಅವನ ಮಲತಾಯಿಯಾದ ರತ್ನಾಜಿ ಮೋಹಿಸುತ್ತಾಳೆ. ಅವನು ನಿರಾಕರಿಸಿದಾಗ ಅವನ ಮೇಲೆಯೇ ಅಪವಾದ ಹೊರಿಸುತ್ತಾಳೆ. ವಿಚಾರಣೆಯಿಲ್ಲದೆ ತಂದೆಯು ಮಗನ ತಲೆ ಕಡಿಯಲು ಆಜ್ಞಾಪಿಸುತ್ತಾನೆ. ಮಂತ್ರಿಯಾದ ಬೈಚಪ್ಪನು ಬೇರೊಬ್ಬನ ತಲೆಯನ್ನು ತೋರಿಸಿ ರಾಮನನ್ನು ಬಚ್ಚಿಟ್ಟು ಕಾಪಾಡುತ್ತಾನೆ. ಪರನಾರೀಸಹೋದರನೆಂದು ಕೀರ್ತಿಗೊಂಡ ರಾಮನು ಪೂಜೆಗೆ ಪಾತ್ರನಾದನು, ರತ್ನಾಜಿಯ ಹೆಸರು ದುಷ್ಟೆಯ ಹೆಸರಾಗಿ ನಿಂತಿತು. ಅವಳ ಅಪವಾದವು ನೀಚವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೇಳದೆ, ವಿಚಾರಿಸದೆ ಮಗನನ್ನು ಕೊಲ್ಲಹೇಳಿದವನಿಗೆ ಆ ವಿಶೇಷಣವು ಏಕೆ ಅಂಟಲಿಲ್ಲವೆಂಬುದನ್ನು, ಮಂತ್ರಿ ತೋರಿಸಿದ ತಲೆಯು ಯಾರದಾಗಿತ್ತೋ ಅವನ ಪಾಡೇನೆಂಬುದನ್ನು ಕಥನ ಪರಂಪರೆಯು ಬಹಳವಾಗಿ ಚಿಂತಿಸಿದಂತೆ ಕಾಣುವುದಿಲ್ಲ. ಅಧಿಕಾರವುಳ್ಳವನು ಮಾಡಿದ್ದಕ್ಕೆ ದುಡುಕು ಎಂಬ ಸೌಮ್ಯವಾದ ಹೆಸರು ದೊರೆಯುತ್ತದೆ. ಅಧಿಕಾರವಿಲ್ಲದವಳು ಮಾಡಿದ್ದು ಅವಳ ಸ್ವಭಾವವಾಗುತ್ತದೆ. ಇದೇ ಕಂಪಿಲರಾಯನ ಇನ್ನೊಂದು ಮುಖವನ್ನು ಇತಿಹಾಸವು ತೋರಿಸುತ್ತದೆ. ಮುಹಮ್ಮದ್ ಬಿನ್ ತುಘಲಕನಿಗೆ ತಿರುಗಿಬಿದ್ದು ಆಶ್ರಯ ಬೇಡಿ ಬಂದ ಬಹಾಉದ್ದೀನ್ ಗುರ್ಶಾಸ್ಪನನ್ನು ಅವನು ಒಪ್ಪಿಸಲೊಲ್ಲದೆ, ಸೋಲು ಖಚಿತವಾದಾಗಲೂ ಅತಿಥಿಯನ್ನು ಬೇರೊಬ್ಬ ಅರಸನಲ್ಲಿಗೆ ಕಳುಹಿಸಿ, ತಾನು 1327ರ ಸುಮಾರಿಗೆ ಹೋರಾಡುತ್ತ ಮಡಿದನೆಂಬುದನ್ನು ಪ್ರವಾಸಿ ಇಬ್ನ್ ಬತೂತನು ಬರೆದಿಟ್ಟಿದ್ದಾನೆ. ಕಥೆಯಲ್ಲಿ ಮಗನ ಮಾತನ್ನು ಕೇಳದವನು, ಇತಿಹಾಸದಲ್ಲಿ ಶರಣಾಗತನಿಗಾಗಿ ರಾಜ್ಯವನ್ನೇ ಕಳೆದುಕೊಂಡವನು; ಯಾವ ಒಂದು ವಿಶೇಷಣವೂ ಈ ಎರಡನ್ನೂ ತುಂಬಿಕೊಳ್ಳಲಾರದು.

ಕಥನದಲ್ಲಿ ನಡೆದ ಅನ್ಯಾಯವು ಕಾನೂನಿನಲ್ಲಿ ನಡೆದಾಗ ಅದರ ಪರಿಣಾಮವು ಬೇರೆಯದೇ ಆಗಿರುತ್ತದೆ. ಬ್ರಿಟಿಷ್ ಸರಕಾರವು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು 1911ರ ಕಾಯಿದೆಯ ಮೂಲಕ ಮದ್ರಾಸ್ ಪ್ರಾಂತಕ್ಕೂ ವಿಸ್ತರಿಸಲಾಯಿತು. ಬಳ್ಳಾರಿ ಜಿಲ್ಲೆಯು ಆಗ ಆ ಪ್ರಾಂತದ ಭಾಗವಾಗಿತ್ತು. ಕೊರಚರೇ ಮೊದಲಾದ ಅಲೆಮಾರಿ ಸಮುದಾಯಗಳಲ್ಲಿ ಹುಟ್ಟಿದ ಶಿಶುವು ಏನನ್ನೂ ಮಾಡುವ ಮೊದಲೇ ಅಪರಾಧಿ ಎಂಬ ವಿಶೇಷಣಕ್ಕೆ ಒಳಗಾಯಿತು. ವಯಸ್ಕರು ಠಾಣೆಯಲ್ಲಿ ಹೆಸರು ನೋಂದಾಯಿಸಿ, ಹಾಜರಿ ಹಾಕಿ, ಓಡಾಟಕ್ಕೆ ಅಪ್ಪಣೆ ಪಡೆಯಬೇಕಾಯಿತು. ತಮೋಯೋಗ್ಯನನ್ನು ಗುರುತಿಸುವುದು ಮನುಷ್ಯನ ಅಳವಲ್ಲವೆಂದು ವೇದಾಂತಿಗಳು ಹಾಕಿಕೊಂಡಿದ್ದ ಗೆರೆಯನ್ನು ಆಧುನಿಕ ಆಡಳಿತವು ಒಂದು ಅಧಿಸೂಚನೆಯಿಂದ ಅಳಿಸಿಹಾಕಿತು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು. ಆದರೆ ಕಾಯಿದೆ ಹೋದಷ್ಟು ಬೇಗನೆ ಸಂಶಯವು ಹೋಗಲಿಲ್ಲ. ಊರಿನಲ್ಲಿ ಕಳವಾದಾಗ ಮೊದಲು ಯಾರ ಗುಡಿಸಲಿನ ಕಡೆಗೆ ಕಣ್ಣು ಹೊರಳುತ್ತದೆಂಬುದನ್ನು ಆ ಸಮುದಾಯಗಳ ಹಿರಿಯರು ಚೆನ್ನಾಗಿ ಬಲ್ಲರು.

ಸಂಡೂರಿನ ಬೆಟ್ಟಗಳು ಈ ಪ್ರಶ್ನೆಗೆ ತೀರ ಈಚಿನ ರೂಪವನ್ನು ಕೊಟ್ಟಿವೆ. ಇಲ್ಲಿನ ಪ್ರಾಚೀನ ಕುಮಾರಸ್ವಾಮಿ ದೇವಾಲಯಕ್ಕೆ ಹೊಂದಿಕೊಂಡ ಐತಿಹ್ಯವು ಈ ಸೀಮೆಯನ್ನು ಲೋಹಾಚಲವೆಂದು, ಕುಮಾರನು ತಾರಕಾಸುರನನ್ನು ಸಂಹರಿಸಿದ ಸ್ಥಳವೆಂದು ಹೇಳುತ್ತದೆ. ಅಲ್ಲಿ ಕೇಡಿಗೆ ಒಂದು ಹೆಸರಿದೆ, ಒಂದು ದೇಹವಿದೆ, ಅದು ಬಿದ್ದರೆ ಕೇಡು ಮುಗಿಯುತ್ತದೆ. ಇದೇ ಲೋಹದ ಬೆಟ್ಟಗಳಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ನಡೆದ ಅಕ್ರಮ ಗಣಿಗಾರಿಕೆಗೆ ಅಂಥ ಒಂದೇ ದೇಹವಿರಲಿಲ್ಲ. ಗಡಿಗಲ್ಲನ್ನು ಸರಿಸಿದವರು, ಪರವಾನಗಿಗಿಂತ ಹೆಚ್ಚು ಅದಿರನ್ನು ಲಾರಿಗೆ ತುಂಬಿದವರು, ರಹದಾರಿಗೆ ಸಹಿ ಮಾಡಿದವರು, ಬಂದರಿನಲ್ಲಿ ಕೇಳದೆ ಬಿಟ್ಟವರು ಹೀಗೆ ಕೃತ್ಯವು ನೂರಾರು ಕೈಗಳಲ್ಲಿ ಹಂಚಿಹೋಗಿತ್ತು, ಮತ್ತು ಪ್ರತಿಯೊಬ್ಬನ ಪಾಲೂ ಅವನ ದೃಷ್ಟಿಯಲ್ಲಿ ಚಿಕ್ಕದಾಗಿತ್ತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಯು 2011ರ ಜುಲೈ ತಿಂಗಳಲ್ಲಿ ಸಲ್ಲಿಕೆಯಾಯಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಸಮಾಜ ಪರಿವರ್ತನ ಸಮುದಾಯವು ಹೂಡಿದ್ದ ಆ ಪ್ರಕರಣದಲ್ಲಿ 2013ರ ಏಪ್ರಿಲ್ 18ರಂದು ಬಂದ ತೀರ್ಪು ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸಿದ್ದನ್ನು ಒಪ್ಪಿತು.

ಮಧ್ವಸಿದ್ಧಾಂತದ ತ್ರಿವಿಧ ಜೀವರನ್ನು ಬಲ್ಲವರಿಗೆ ಈ ಮೂರರ ಎಣಿಕೆ ಕುತೂಹಲ ಹುಟ್ಟಿಸೀತು, ಆದರೆ ವಿಂಗಡಣೆಯ ಆಧಾರವು ಪೂರ್ತಿ ಬೇರೆ. ಅಕ್ರಮವಿಲ್ಲದ ಅಥವಾ ಅಲ್ಪ ಅಕ್ರಮದ ಗುತ್ತಿಗೆಗಳು ಎ ವರ್ಗದವು. ಗುತ್ತಿಗೆಯ ಎಲ್ಲೆಯನ್ನು ಒಂದು ಮಿತಿಯೊಳಗೆ ಮೀರಿ ಅಗೆದವು ಅಥವಾ ತ್ಯಾಜ್ಯವನ್ನು ಸುರಿದವು ಬಿ ವರ್ಗದವು. ಆ ಮಿತಿಯನ್ನೂ ದಾಟಿದವು ಸಿ ವರ್ಗದವು. ಮೀರಿದ್ದು ಎಷ್ಟು ನೆಲ ಎಂಬುದನ್ನು ಸ್ಥಳದಲ್ಲಿ ಸರ್ವೆ ಮಾಡಿ ಅಳೆಯಲಾಯಿತು. ಬಿ ವರ್ಗದವರು ಪರಿಹಾರವನ್ನು ತೆತ್ತು, ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆಯನ್ನು ಜಾರಿಗೆ ತಂದ ಮೇಲೆ ಕೆಲಸವನ್ನು ಮತ್ತೆ ಆರಂಭಿಸಬಹುದಾಗಿತ್ತು. ಸಿ ವರ್ಗದ ಗುತ್ತಿಗೆಗಳು ರದ್ದಾದವು. ಈ ವಿಂಗಡಣೆಯಲ್ಲಿ ಯಾರನ್ನೂ ದುಷ್ಟರೆಂದು ಕರೆದಿಲ್ಲ, ಮತ್ತು ಕ್ರಿಮಿನಲ್ ಹೊಣೆಯ ವಿಚಾರಣೆಗಳನ್ನು ಬೇರೆ ನ್ಯಾಯಾಲಯಗಳಿಗೆ ಬಿಡಲಾಗಿದೆ. ಇದನ್ನು ಕಾನೂನಿನ ದಾಕ್ಷಿಣ್ಯವೆಂದು ಆಕ್ಷೇಪಿಸುವವರಿದ್ದಾರೆ, ಮತ್ತು ಕೆಂಪು ಧೂಳಿನಲ್ಲಿ ಬೆಳೆ ಕಳೆದುಕೊಂಡ ರೈತನ ಬಾಯಲ್ಲಿ ಆ ಆಕ್ಷೇಪವು ನ್ಯಾಯವಾದದ್ದೇ. ನೊಂದವನು ದುಷ್ಟರೆಂದು ಬೈಯುವುದನ್ನು ತಡೆಯುವ ಹಕ್ಕು ತತ್ತ್ವಶಾಸ್ತ್ರಕ್ಕೂ ಇಲ್ಲ. ಆದರೆ ಒಬ್ಬಿಬ್ಬರನ್ನು ತಾರಕಾಸುರರನ್ನಾಗಿ ಮಾಡಿ ಉಳಿದ ಕೈಗಳನ್ನು ಬಿಟ್ಟುಬಿಡುವ ಅಪಾಯವು ಇಂಥ ಪ್ರಕರಣದಲ್ಲಿ ಬಹಳ ಹತ್ತಿರವಿರುತ್ತದೆ. ಅಳತೆಯ ಪಟ್ಟಿಯಿಂದ ಹೊರಟ ವಿಚಾರಣೆಯು ಆ ಪ್ರತಿಯೊಂದು ಕೈಯನ್ನೂ ಹುಡುಕಬಲ್ಲದು, ಅಗೆದ ಗುಂಡಿಯನ್ನು ಯಾರು, ಎಷ್ಟು ಆಳದಿಂದ, ಯಾವ ಮಣ್ಣಿನಿಂದ ತುಂಬಬೇಕೆಂದು ಹೇಳಬಲ್ಲದು.